ಗಾಜು ಒಡೆದರೆ ಪಕ್ಕದ ಮನೆಯಲ್ಲಿ ಗಂಟೆ ಬಾರಿಸಲಿ

ಈ ವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿಗಳ ಹೆಸರು ಬರೆಸಲು ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿಸಿದ್ದಾರೆ. ನಾನು ನೋಡಿದಾಗ ಅದರಲ್ಲಿ ಮೂರು ಮಳೆನೀರು ಕೊಯ್ಲು, ಎರಡು ಜ್ವಾಲಾಮುಖಿ, ಎರಡು ‘ಸ್ಮಾರ್ಟ್ ಹೋಮ್’ ಇದ್ದವು. ಸ್ಮಾರ್ಟ್ ಹೋಮ್ ಎಂದರೆ ಥರ್ಮೋಕೋಲಿನ ಮನೆ. ಚಪ್ಪಾಳೆ ತಟ್ಟಿದರೆ ಒಳಗೆ ಬಲ್ಬು ಹತ್ತುತ್ತದೆ. ಅತಿಥಿಗಳು ಬಂದಾಗ ಎರಡು ಸಲ ತಟ್ಟಿದರೂ ಹತ್ತದೆ ಮೂರನೇ ಸಲ ಹತ್ತುತ್ತದೆ, ಎಲ್ಲರೂ ನಗುತ್ತಾರೆ, ಬಹುಮಾನ ಕೊಡುತ್ತಾರೆ. ಮರುದಿನ ಆ ಮನೆ ಲ್ಯಾಬಿನ ಅಟ್ಟಕ್ಕೆ ಹೋಗುತ್ತದೆ. ಅಂಥ ಮನೆಗಳು ಅಟ್ಟದ ಮೇಲೆ ಈಗಾಗಲೇ ಒಂದು ಬಡಾವಣೆಯಷ್ಟು ಇವೆ.

ನಾನು ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿ. ಈ ಸಲ ನಮ್ಮ ವಿಭಾಗದವರೆಲ್ಲ ಸೇರಿ ಒಂದೇ ಒಂದು ವಸ್ತು ಮಾಡಬೇಕು, ಅದು ಅಟ್ಟಕ್ಕೆ ಹೋಗದೆ ನಮ್ಮ ಮನೆಗಳ ಕಿಟಕಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಆಯ್ಕೆ ಮನೆಯ ಕಿಟಕಿಯ ಗಾಜು ಒಡೆದರೆ ಕೂಗುವ, ತಂತಿ ಇಲ್ಲದ, ಕಡಿಮೆ ಖರ್ಚಿನ ಅಲಾರಂ. ಇದನ್ನು ತರಗತಿಯಲ್ಲಿ ಹೇಳಿದಾಗ ಕೆಲವರು, ‘ಆನ್‌ಲೈನಲ್ಲಿ ಸಿಗುತ್ತಲ್ಲ’ ಎಂದರು. ಒಬ್ಬರು, ‘ನಮ್ಮ ಮನೆಯಲ್ಲಿ ಕದಿಯೋಕೆ ಏನಿದೆ’ ಎಂದರು. ಎರಡಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ. ಎರಡನೆಯದಕ್ಕೆ ಮೊದಲು.

ನಮ್ಮ ಕಾಲೇಜಿಗೆ ಕೋಲಾರ ಪಟ್ಟಣದಿಂದಷ್ಟೇ ಅಲ್ಲ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಈ ನಾಲ್ಕೂ ಕಡೆ ಮನೆಯ ಗಂಡಸರು ಹಗಲಿಡೀ, ಕೆಲವು ಸಲ ರಾತ್ರಿಯಿಡೀ ಮನೆಯಲ್ಲಿ ಇರುವುದಿಲ್ಲ. ಮಾಲೂರಿನವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದರೆ ಕತ್ತಲಾದ ಮೇಲೆಯೇ ವಾಪಸು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುವವರಿಗೆ ವಾರಕ್ಕೊಂದು ಶಿಫ್ಟ್. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ತೋಪು ಗುತ್ತಿಗೆ ಹಿಡಿದವರು ರಾತ್ರಿ ತೋಪಿನಲ್ಲೇ ಕಾವಲು ಮಲಗುತ್ತಾರೆ. ಮುಳಬಾಗಿಲಿನಲ್ಲಿ ಹಜರತ್ ಬಾಬಾ ಹೈದರ್ ವಲಿಯವರ ದರ್ಗಾದ ಉರುಸಿಗೆ ಮನೆಮಂದಿಯೆಲ್ಲ ಹೊರಟರೆ ಬೀದಿಗೆ ಬೀದಿಯೇ ಬೀಗ. ರಂಜಾನಿನಲ್ಲಿ ಇಶಾದಿಂದ ತರಾವೀಹ್ ಮುಗಿಯುವವರೆಗೆ ಯಾವ ಮನೆಯಲ್ಲಿ ಯಾರು ಉಳಿದಿರುತ್ತಾರೆ ಎಂಬುದು ಕಳ್ಳನಿಗೂ ಗೊತ್ತು.

ಉಳಿಯುವವರು ಅಮ್ಮೀ, ದಾದಿಮಾ, ಚಿಕ್ಕ ಮಕ್ಕಳು. ಹಿತ್ತಲಲ್ಲಿ ಏನೋ ಸದ್ದಾದರೆ ಬೆಕ್ಕೋ ಮನುಷ್ಯನೋ ಎಂದು ಎದ್ದು ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ಅಮ್ಮೀ ಒಬ್ಬರೇ ಇರುತ್ತಾರೆ’ ಎಂಬ ಒಂದೇ ಕಾರಣಕ್ಕೆ ಸಂಜೆಯ ಸಿಇಟಿ ತರಗತಿ ಬಿಟ್ಟು ನಾಲ್ಕು ಗಂಟೆಯ ಬಸ್ಸಿಗೆ ಓಡುವ ಇಬ್ಬರು ನಮ್ಮ ತರಗತಿಯಲ್ಲೇ ಇದ್ದಾರೆ. ಇಬ್ಬರೂ ಹುಡುಗಿಯರು. ಇಬ್ಬರ ಅಂಕಗಳೂ ನನಗಿಂತ ಹೆಚ್ಚು. ಹೀಗಾಗಿ ಕದಿಯಲು ಏನಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಆ ಮನೆಯಲ್ಲಿ ಚಿನ್ನ ಇಲ್ಲದಿರಬಹುದು, ಆದರೆ ಭಯ ದಿನಾ ಸಂಜೆ ಆ ಇಬ್ಬರ ಎರಡು ಗಂಟೆ ಕದಿಯುತ್ತಿದೆ.

ಇನ್ನು ಗಾಜಿನ ವಿಷಯ. ನಮ್ಮ ಅಬ್ಬಾಗೆ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸದ ಚಿಕ್ಕ ಅಂಗಡಿ ಇದೆ. ರಜೆಯಲ್ಲಿ ನಾನೂ ಅಳತೆ ಟೇಪು ಹಿಡಿದು ಮನೆಮನೆಗೆ ಹೋಗುತ್ತೇನೆ. ಅದರಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಹೊರದೇಶದ ವಿಡಿಯೋಗಳಲ್ಲಿ ತೋರಿಸುವ ಮನೆಗಳಿಗೂ ನಮ್ಮ ಮನೆಗಳಿಗೂ ಹೋಲಿಕೆ ಇಲ್ಲ. ಅಲ್ಲಿ ಕಿಟಕಿಗೆ ಗಾಜು ಮಾತ್ರ, ಒಡೆದರೆ ಒಳಗೆ ಬರಬಹುದು. ನಮ್ಮ ಹಳೆಯ ಮನೆಗಳಲ್ಲಿ ಮರದ ಬಾಗಿಲಿನ ಕಿಟಕಿ, ಕಬ್ಬಿಣದ ಸರಳು, ಗಾಜೇ ಇಲ್ಲ. ಇಪ್ಪತ್ತು ಮೂವತ್ತು ವರ್ಷದ ಆರ್‌ಸಿಸಿ ಮನೆಗಳಲ್ಲಿ ಗಾಜೂ ಇದೆ, ಗ್ರಿಲ್ಲೂ ಇದೆ. ಗಾಜು ಒಡೆದ ಕಳ್ಳ ಗ್ರಿಲ್ ನೋಡುತ್ತಾ ನಿಲ್ಲಬೇಕು. ಅವನು ಸಾಮಾನ್ಯವಾಗಿ ಆ ತೊಂದರೆ ತೆಗೆದುಕೊಳ್ಳದೆ ಮುಂಬಾಗಿಲ ಬೀಗಕ್ಕೇ ಕಬ್ಬಿಣದ ರಾಡು ಹಾಕುತ್ತಾನೆ. ಆದರೆ ಹೊಸ ಬಡಾವಣೆಗಳಲ್ಲಿ ಜಾರುವ ಕಿಟಕಿ ಬಂದಿದೆ. ‘ಗ್ರಿಲ್ ಹಾಕಿದರೆ ಅಂದ ಕೆಡುತ್ತದೆ, ಮಹಡಿಗೆ ಯಾರು ಹತ್ತುತ್ತಾರೆ’ ಎನ್ನುವ ಗಿರಾಕಿಗಳು ಹೆಚ್ಚಾಗಿದ್ದಾರೆ. ಅಂಗಡಿಗಳ ಮುಂಭಾಗವಂತೂ ಪೂರ್ತಿ ಗಾಜು. ಬಚ್ಚಲಿನ ಗಾಜಿನ ಪಟ್ಟಿಗಳ ಕಿಟಕಿ ಇನ್ನೊಂದು ಕತೆ. ಅದನ್ನು ಒಡೆಯುವುದೇ ಬೇಡ, ಒಂದೊಂದೇ ಪಟ್ಟಿಯನ್ನು ಸದ್ದಿಲ್ಲದೆ ಎಳೆದು ತೆಗೆಯಬಹುದು.

ಆದ್ದರಿಂದ ಯಾರೋ ಬರೆದ ಸರ್ಕಿಟ್ ಇಳಿಸಿಕೊಂಡು ಅದೇ ರೀತಿ ಜೋಡಿಸಿದರೆ ನಮಗೆ ಉಪಯೋಗವಿಲ್ಲ. ಗಾಜಿಗೆ ಅಂಟಿಸುವ ಸೆನ್ಸರನ್ನೇ ಗ್ರಿಲ್ಲಿಗೆ, ಬಾಗಿಲ ಚಿಲಕದ ಹತ್ತಿರದ ಹಲಗೆಗೆ ಅಂಟಿಸಿದರೆ ಗರಗಸ, ರಾಡು ಎರಡರ ಸದ್ದನ್ನೂ ಅದು ಹಿಡಿಯುತ್ತದೆಯೇ ಎಂದು ನೋಡಬೇಕು. ಗಾಜಿನ ಅಲಾರಂ ಎಂದು ಶುರುಮಾಡಿ ನಮ್ಮ ಮನೆಯ ಅಲಾರಂ ಎಂದು ಮುಗಿಸಬೇಕು. ಆನ್‌ಲೈನಲ್ಲಿ ಸಿಗುತ್ತದೆ ಎಂದವರಿಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಸುಳ್ಳು ಅಲಾರಂನಲ್ಲಿದೆ.

ಗಾಜು ಒಡೆಯುವಾಗ ಆಗುವುದು ಒಂದು ಸದ್ದಲ್ಲ, ಎರಡು. ಮೊದಲು ಪೆಟ್ಟು ಬಿದ್ದು ಗಾಜು ಬಾಗುತ್ತದೆ. ಅದು ಧಡ್ ಎಂಬ ದಪ್ಪ ಸದ್ದು, ಕಡಿಮೆ ಆವೃತ್ತಿಯದು. ಬಾಗುವ ಮಿತಿ ಮೀರಿದ ತಕ್ಷಣ ಬಿರುಕು ಓಡುತ್ತದೆ. ಸಾಮಾನ್ಯ ಕಿಟಕಿ ಗಾಜಿನಲ್ಲಿ ಬಿರುಕು ಓಡುವ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಮುಟ್ಟುತ್ತದೆ, ಅಂದರೆ ಗಾಳಿಯಲ್ಲಿ ಶಬ್ದ ಹೋಗುವ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಆಗ ಬರುವುದು ಚಳ್ ಎಂಬ ತೆಳು ಸದ್ದು, ಕೆಲವು ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ. ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೂ ಸಮಯ ಇಲ್ಲ. ಒಳ್ಳೆಯ ಗಾಜಿನ ಅಲಾರಂ ಧಡ್ ಕೇಳಿದರೆ ಕೂಗುವುದಿಲ್ಲ, ಚಳ್ ಕೇಳಿದರೂ ಕೂಗುವುದಿಲ್ಲ. ಧಡ್ ಆದ ಬೆನ್ನಿಗೇ ಚಳ್ ಆದರೆ ಮಾತ್ರ ಕೂಗುತ್ತದೆ. ನಮ್ಮ ಪಠ್ಯದ ಭಾಷೆಯಲ್ಲಿ ಹೇಳಿದರೆ ಇದೊಂದು ಆ್ಯಂಡ್ ಗೇಟ್. ಮೊದಲ ಇನ್‌ಪುಟ್ಟಿಗೆ ಒಂದಿಷ್ಟು ಮಿಲಿಸೆಕೆಂಡ್ ನೆನಪು ಇರಬೇಕು, ಅಷ್ಟೇ.

ಈ ಉಪಾಯ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೊಂದಿಗೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಆ ಉಪಕರಣ ಒಂದೇ ಸಂವೇದಕದ ಮಾತನ್ನು ನಂಬುತ್ತಿರಲಿಲ್ಲ. ಎದುರುಬದುರು ಇದ್ದವು ಒಟ್ಟಿಗೆ ಹೇಳಿದರೆ ಮಾತ್ರ ದಾಖಲೆ. ಒಂದೇ ಕಡೆಯಿಂದ ಬಂದದ್ದು ಗದ್ದಲ, ಎರಡೂ ಕಡೆಯಿಂದ ಬಂದದ್ದು ಸುದ್ದಿ.

ಅದೇ ಗಣಿಗಳಲ್ಲಿ ಇನ್ನೊಂದು ಪಾಠವೂ ಇದೆ, ಅದು ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ಮೂರು ಕಿಲೋಮೀಟರಿಗೂ ಆಳಕ್ಕೆ ತೋಡಿದ ಗಣಿಯಲ್ಲಿ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎಂದು ಕರೆಯುತ್ತಿದ್ದರು. ಕೆಳಗೆ ಜನ ಸಾಯುತ್ತಿದ್ದರು, ಮೇಲೆ ಮನೆಗಳ ಗೋಡೆ ಕಿಟಕಿ ಅದುರುತ್ತಿದ್ದವು. ಬಂಡೆಯೊಳಗೆ ಜಿಯೋಫೋನ್‌ಗಳನ್ನು ಹೂತು, ಸದ್ದು ಯಾವುದಕ್ಕೆ ಮೊದಲು ತಲುಪಿತು ಯಾವುದಕ್ಕೆ ಆಮೇಲೆ ತಲುಪಿತು ಎಂಬ ಲೆಕ್ಕದಿಂದ ಸಿಡಿದ ಜಾಗವನ್ನು ಗುರುತಿಸುತ್ತಿದ್ದರು. ಗಣಿಯಲ್ಲಿ ದಿನವೂ ಸಿಡಿಮದ್ದು ಹಾರಿಸುವುದು ಇದ್ದೇ ಇತ್ತು. ಆ ಸದ್ದನ್ನು ಇದರಿಂದ ಬೇರೆ ಮಾಡಿ ನೋಡಬೇಕಿತ್ತು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಗಲು ಕಾರಣ ಇಂಥ ಸಮಸ್ಯೆಗಳೇ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗೌರಿಬಿದನೂರು ನಮ್ಮ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, ಅದೇ 1965ರಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಅಲ್ಲಿ ಭೂಕಂಪನ ಮಾಪಕಗಳ ಸಾಲು ನೆಟ್ಟರು. ಎಲ್ಲೋ ದೂರದ ದೇಶದಲ್ಲಿ ನೆಲದೊಳಗೆ ನಡೆದದ್ದು ಭೂಕಂಪವೋ ಅಣುಬಾಂಬ್ ಪರೀಕ್ಷೆಯೋ ಎಂದು ಇಲ್ಲಿ ಕುಳಿತು ಹೇಳುವುದು ಅದರ ಕೆಲಸ. ಬಂಡೆಯೋ ಸಿಡಿಮದ್ದೋ, ಭೂಕಂಪವೋ ಬಾಂಬೋ ಎಂದು ಕೇಳಿಸಿಕೊಂಡ ಜಿಲ್ಲೆಯ ಮಕ್ಕಳು ನಾವು. ಗಾಜೋ ತಟ್ಟೆಯೋ ಎಂದು ಹೇಳಲಾರೆವೇ?

ತಟ್ಟೆ ಎಂದದ್ದು ತಮಾಷೆಗಲ್ಲ. ನಮ್ಮ ಅಡುಗೆಮನೆಗಳು ಗಾಜಿನ ಅಲಾರಂಗೆ ಅತಿ ದೊಡ್ಡ ಶತ್ರು. ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದರೆ ಬರುವ ಚಳ್ ಸದ್ದು ಗಾಜಿನ ಸದ್ದಿಗೆ ಬಹಳ ಹತ್ತಿರ. ಕುಕ್ಕರಿನ ವಿಷಲ್ ಅದೇ ಆವೃತ್ತಿಯ ಸುತ್ತಮುತ್ತ ಕೂಗುತ್ತದೆ. ಧಡ್ ಸದ್ದಿಗಂತೂ ಬರವೇ ಇಲ್ಲ: ಟೊಮೆಟೊ ಮಂಡಿಗೆ ಹೋಗುವ ಲಾರಿ, ಮದುವೆಯ ಪಟಾಕಿ, ಗೇಟಿಗೆ ಬೀಳುವ ಕ್ರಿಕೆಟ್ ಚೆಂಡು. ಮಾಲೂರು ತಾಲ್ಲೂಕಿನ ಟೇಕಲ್ ಕಡೆಯವರಿಗೆ ಕಲ್ಲುಕ್ವಾರಿಯಲ್ಲಿ ಮದ್ದು ಹಾರಿಸಿದಾಗ ಕಿಟಕಿ ಹೇಗೆ ನಡುಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಮಾವಿನ ಕಾಲಕ್ಕೆ ಮೊದಲು ಬೀಳುವ ಆಲಿಕಲ್ಲು ಮಳೆ ಎರಡೂ ಸದ್ದನ್ನು ಒಟ್ಟಿಗೆ ತರುತ್ತದೆ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ, ಕಿಟಕಿಗೆ ಅಂಟಿಸುವ ಅಲಾರಂ ನಮ್ಮ ಸಂಬಂಧಿಕರ ಮನೆಯಲ್ಲೊಂದು ಇತ್ತು. ಲಾರಿ ಹೋದಾಗಲೆಲ್ಲ ಕೂಗಿ ಕೂಗಿ, ಒಂದು ವಾರದೊಳಗೆ ಖಾಲಾ ಅದರ ಬ್ಯಾಟರಿ ತೆಗೆದು ಗಡಿಯಾರಕ್ಕೆ ಹಾಕಿದರು. ಹುಲಿ ಬಂತು ಹುಲಿ ಎಂದು ದಿನಾ ಕೂಗುವ ಹುಡುಗನಿಗೆ ಆದದ್ದೇ ಅದಕ್ಕೂ ಆಯಿತು.

ಹಾಗಾದರೆ ಸೆನ್ಸರ್ ಯಾವುದಿರಬೇಕು? ಎರಡು ದಾರಿ ಇವೆ. ಒಂದು, ಕೋಣೆಯಲ್ಲಿ ಮೈಕ್ ಇಡುವುದು. ಒಂದೇ ಮೈಕ್ ಕೋಣೆಯ ಎಲ್ಲ ಕಿಟಕಿಗಳನ್ನೂ ಕಾಯುತ್ತದೆ, ಅದು ಅನುಕೂಲ. ಆದರೆ ಅದು ತಟ್ಟೆ, ಕುಕ್ಕರ್, ಟಿವಿ, ಜಗಳ ಎಲ್ಲವನ್ನೂ ಕೇಳುತ್ತದೆ. ಇನ್ನೊಂದು, ಪಿಯೆಜೋ ಬಿಲ್ಲೆಯನ್ನು ನೇರವಾಗಿ ಗಾಜಿನ ಮೂಲೆಗೆ ಅಂಟಿಸುವುದು. ಸಂಗೀತ ಹಾಡುವ ಹುಟ್ಟುಹಬ್ಬದ ಕಾರ್ಡು, ಆಟಿಕೆಗಳ ಒಳಗೆ ಇರುತ್ತದಲ್ಲ, ಹಿತ್ತಾಳೆಯ ತೆಳು ಬಿಲ್ಲೆ, ಅದೇ. ಅದಕ್ಕೆ ಕರೆಂಟು ಕೊಟ್ಟರೆ ಸದ್ದು ಮಾಡುತ್ತದೆ, ಅದನ್ನು ಅದುರಿಸಿದರೆ ತಾನೇ ವೋಲ್ಟೇಜ್ ಕೊಡುತ್ತದೆ. ಅಡುಗೆಮನೆಯ ತಟ್ಟೆ ಅದಕ್ಕೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಏಕೆಂದರೆ ಅದು ಗಾಳಿಯನ್ನಲ್ಲ, ಗಾಜನ್ನು ಕೇಳುತ್ತಿದೆ. ಅದರಿಂದ ಬರುವ ಸಂಕೇತವನ್ನು ಎರಡು ದಾರಿಗೆ ಒಡೆದು, ಒಂದರಲ್ಲಿ ಕಡಿಮೆ ಆವೃತ್ತಿ ಮಾತ್ರ, ಇನ್ನೊಂದರಲ್ಲಿ ಹೆಚ್ಚಿನ ಆವೃತ್ತಿ ಮಾತ್ರ ಬಿಟ್ಟರೆ ಧಡ್ ಮತ್ತು ಚಳ್ ಎರಡೂ ಒಂದೇ ಬಿಲ್ಲೆಯಿಂದ ಸಿಗುತ್ತವೆ. ಒಂದು ಎಚ್ಚರಿಕೆ ಬೇಕು. ಜೋರು ಪೆಟ್ಟಿಗೆ ಈ ಬಿಲ್ಲೆ ಹತ್ತಾರು ವೋಲ್ಟ್ ಉಗುಳುತ್ತದೆ. ಒಂದು ಮೆಗಾಓಮ್ ರೆಸಿಸ್ಟರ್, ಒಂದು ಜೀನರ್ ಡಯೋಡ್ ಅಡ್ಡ ಇಡದಿದ್ದರೆ ಮುಂದಿನ ಚಿಪ್ ಸುಟ್ಟುಹೋಗುತ್ತದೆ.

ನಾನು ಬಿಲ್ಲೆಯ ಪರ. ಮುಖ್ಯ ಕಾರಣ ಬ್ಯಾಟರಿ. ಮೈಕಿನ ಆಂಪ್ಲಿಫೈಯರ್ ಸದಾ ಎಚ್ಚರ ಇರಬೇಕು. ಅದು 0.3 ಮಿಲಿಆಂಪ್ ಎಳೆಯುತ್ತದೆ ಎಂದುಕೊಂಡರೆ 220 ಮಿಲಿಆಂಪ್-ಗಂಟೆಯ ನಾಣ್ಯದಂಥ ಬ್ಯಾಟರಿ ಸುಮಾರು 730 ಗಂಟೆ, ಅಂದರೆ ಒಂದು ತಿಂಗಳು ಬರುತ್ತದೆ. ಪ್ರತಿ ತಿಂಗಳು ಪ್ರತಿ ಕಿಟಕಿಯ ಬ್ಯಾಟರಿ ಬದಲಿಸುವ ಮನೆ ಎಲ್ಲಿದೆ? ಬಿಲ್ಲೆಗಾದರೆ ವಿದ್ಯುತ್ತೇ ಬೇಡ. ಚಿಪ್ ಮಲಗಿರುತ್ತದೆ, ಬಿಲ್ಲೆ ತಾನೇ ತಟ್ಟಿ ಎಬ್ಬಿಸುತ್ತದೆ. ಎಟಿಟೈನಿ85ರಂಥ ಚಿಪ್ಪನ್ನು ಅದರ ಗಡಿಯಾರ ಮಾತ್ರ ನಡೆಯುವಂತೆ ಮಲಗಿಸಿದರೆ ಸರಾಸರಿ 5 ಮೈಕ್ರೋಆಂಪ್ ಸುತ್ತ ಸಾಕು. ಲೆಕ್ಕಕ್ಕೆ 44,000 ಗಂಟೆ, ಐದು ವರ್ಷ. ಬ್ಯಾಟರಿ ಹಳಸುತ್ತದೆ, ಬೇಸಿಗೆಯ ಗಾಜು ಕಾಯುತ್ತದೆ, ಅರ್ಧಕ್ಕಿಂತ ಕಡಿಮೆ ಹಿಡಿಯಿರಿ, ಎರಡು ವರ್ಷ. ಎರಡು ವರ್ಷಕ್ಕೊಮ್ಮೆ ಈದ್‌ಗೆ ಸುಣ್ಣ ಬಣ್ಣ ಮಾಡಿಸುವಾಗ ಬದಲಿಸಿದರಾಯಿತು.

ವೈಫೈ ಚಿಪ್ ಹಾಕೋಣ, ಮೊಬೈಲಿಗೆ ನೋಟಿಫಿಕೇಶನ್ ಬರಲಿ ಎಂದು ಹಲವರ ಆಸೆ. ನನಗೆ ಒಪ್ಪಿಗೆ ಇಲ್ಲ. ವೈಫೈ ಚಿಪ್ ಮಾತಾಡುವಾಗ ನೂರಾರು ಮಿಲಿಆಂಪ್ ಎಳೆಯುತ್ತದೆ, ನಾಣ್ಯದ ಬ್ಯಾಟರಿ ಅಲ್ಲೇ ಮಲಗಿಬಿಡುತ್ತದೆ. ಬೆಸ್ಕಾಂ ಕರೆಂಟು ಹೋದರೆ ರೂಟರ್ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ರೂಟರೇ ಇಲ್ಲ, ಅಬ್ಬಾ ಅಥವಾ ಭಾಯಿ ಮನೆಗೆ ಬಂದಾಗ ಅವರ ಮೊಬೈಲಿನ ಹಾಟ್‌ಸ್ಪಾಟೇ ಇಂಟರ್ನೆಟ್. ಸಿಮ್ ಹಾಕುವ ಅಗ್ಗದ ಮಾಡ್ಯೂಲ್‌ಗಳು 2ಜಿಯವು, ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಇದೆಲ್ಲ ಇರಲಿ. ಮುಖ್ಯ ಪ್ರಶ್ನೆ ಬೇರೆ: ದಮ್ಮಾಮಿನಲ್ಲೋ ಪೀಣ್ಯದಲ್ಲೋ ಇರುವವರ ಮೊಬೈಲಿಗೆ ‘ನಿಮ್ಮ ಹಿಂದಿನ ಕಿಟಕಿ ಒಡೆಯಿತು’ ಎಂದು ಸಂದೇಶ ಹೋದರೆ ಅವರು ಏನು ಮಾಡಬೇಕು? ಊರಿನ ಯಾರಿಗೋ ಫೋನ್ ಮಾಡಬೇಕು. ಆ ಯಾರೋ ಒಬ್ಬರು ಯಾರು? ಪಕ್ಕದ ಮನೆಯವರು. ಹಾಗಿದ್ದರೆ ಸಂದೇಶ ಮೊದಲೇ ಪಕ್ಕದ ಮನೆಗೆ ಹೋಗಲಿ.

ನನ್ನ ಇಡೀ ವಾದದ ತಿರುಳು ಇದು. 433 ಮೆಗಾಹರ್ಟ್ಸ್‌ನ ಚಿಕ್ಕ ಟ್ರಾನ್ಸ್‌ಮಿಟರಿಗೆ 17 ಸೆಂಟಿಮೀಟರಿನ ತಂತಿಯೊಂದೇ ಆಂಟೆನಾ, ತರಂಗದ ಕಾಲು ಭಾಗ. ಮಾಲೂರು ಇಟ್ಟಿಗೆಯ ಒಂಬತ್ತು ಇಂಚಿನ ಗೋಡೆಗಳನ್ನು ಅದು ವೈಫೈಗಿಂತ ಸಲೀಸಾಗಿ ದಾಟುತ್ತದೆ. ಅದು ಒಬ್ಬರಿಗೆಂದು ಮಾತಾಡುವುದಿಲ್ಲ, ಹತ್ತಿರ ಇರುವ ಎಲ್ಲ ರಿಸೀವರಿಗೂ ಕೇಳುತ್ತದೆ. ಎರಡು ಮನೆಯವರು ಜೊತೆಯಾಗಿ ಒಂದೊಂದು ರಿಸೀವರ್ ಇಟ್ಟುಕೊಂಡರೆ ಎರಡೂ ರಿಸೀವರ್ ಎರಡೂ ಮನೆಗಳ ಕಿಟಕಿಗಳನ್ನು ಕಾಯುತ್ತವೆ. ಕೆಂಪು ದೀಪ ಎಂದರೆ ನಮ್ಮ ಮನೆ, ಹಸಿರು ದೀಪ ಎಂದರೆ ಅವರ ಮನೆ. ಹೆಚ್ಚಿನ ಖರ್ಚು ಒಂದು ರೂಪಾಯಿಯೂ ಇಲ್ಲ. ನಮ್ಮ ಮನೆಯ ಒಂದು ಕಡೆ ಖಾಲಾ ಮನೆ, ಇನ್ನೊಂದು ಕಡೆ ನಾವು ಅವ್ವ ಎಂದು ಕರೆಯುವ ಅಜ್ಜಿಯ ಮನೆ. ಹಬ್ಬಕ್ಕೆ ಒಬ್ಬಟ್ಟು ಅಲ್ಲಿಂದ ಬರುತ್ತದೆ, ಈದಿಗೆ ಶೀರ್ ಖುರ್ಮಾ ಇಲ್ಲಿಂದ ಹೋಗುತ್ತದೆ. ಗಂಟೆಯೂ ಹೋಗಲಿ. ಸೂರಾ ನಿಸಾದಲ್ಲಿ ಹತ್ತಿರದ ನೆರೆಯವರನ್ನೂ ದೂರದ ನೆರೆಯವರನ್ನೂ ಹೆಸರಿಸಿ ಅವರೊಡನೆ ಒಳ್ಳೆಯ ರೀತಿಯಲ್ಲಿ ಇರಬೇಕೆಂದು ಹೇಳಿರುವುದನ್ನು ನಾವು ದೀನಿಯಾತ್ ತರಗತಿಯಲ್ಲಿ ಓದಿದ್ದೇವೆ. ಅದಕ್ಕೊಂದು ಸರ್ಕಿಟ್ ಬರೆಯುವ ಅವಕಾಶ ಯಾರಿಗೆ ಸಿಗುತ್ತದೆ?

ಪಕ್ಕದ ಮನೆಯವರು ಬಾಗಿಲು ತೆಗೆದು ದೀಪ ಹಾಕಿ ‘ಯಾರದು’ ಎಂದು ಕೂಗಿದರೆ ಸಾಕು, ಓಡಿಹಿಡಿಯುವುದು ಬೇಡ. ಆಮೇಲೆ 112ಕ್ಕೆ ಕರೆ ಮಾಡುವುದು ಮನುಷ್ಯರ ಕೈಯಲ್ಲೇ ಇರಲಿ. ಯಂತ್ರವೇ ಪೊಲೀಸರಿಗೆ ಕರೆ ಮಾಡುವಂತೆ ಇಡಬಾರದು. ಆಲಿಕಲ್ಲು ಬಿದ್ದ ರಾತ್ರಿ ಊರಿನ ಎಲ್ಲ ಕಿಟಕಿಗಳೂ ಒಟ್ಟಿಗೆ 112ಕ್ಕೆ ಫೋನ್ ಮಾಡಿದರೆ ಏನಾದೀತು ಯೋಚಿಸಿ.

ಕೆಲವು ಗೆಳೆಯರು ರೇಡಿಯೋ ಸಂಕೇತವನ್ನು ಕಳ್ಳ ಜಾಮ್ ಮಾಡಬಹುದು, ನಕಲು ಮಾಡಬಹುದು ಎನ್ನುತ್ತಾರೆ. ಮಾಡಬಹುದು. ಕಾರಿನ ಕೀಲಿಯಂತೆ ಪ್ರತಿ ಸಲ ಬದಲಾಗುವ ಸಂಖ್ಯೆ ಕಳಿಸಿದರೆ ನಕಲಿನ ಭಯ ಹೋಗುತ್ತದೆ, ಅದನ್ನು ಬರೆಯುವುದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ನಮ್ಮೂರಿನಲ್ಲಿ ಜಾಮರ್ ಹಿಡಿದು ಬರುವ ಕಳ್ಳನಿಗಿಂತ ಸತ್ತ ಬ್ಯಾಟರಿ ಸಾವಿರ ಪಾಲು ಹೆಚ್ಚು ಅಪಾಯ. ಕಿಟಕಿಯ ಟ್ರಾನ್ಸ್‌ಮಿಟರ್ ಗಂಟೆಗೊಮ್ಮೆ ‘ಇದ್ದೇನೆ’ ಎಂದು ಹೇಳಬೇಕು. 10 ಮಿಲಿಆಂಪ್, ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಸಮಯ. ಗಂಟೆಗೆ ಹಂಚಿದರೆ 0.3 ಮೈಕ್ರೋಆಂಪೂ ಆಗುವುದಿಲ್ಲ. ಮೂರು ಗಂಟೆ ಸುಮ್ಮನಿದ್ದರೆ ರಿಸೀವರ್ ಮೆಲ್ಲಗೆ ಟಿಕ್ ಎನ್ನಬೇಕು. ಕೆಟ್ಟಿರುವುದು ಗೊತ್ತಾಗದ ಅಲಾರಂ ಇಲ್ಲದ ಅಲಾರಂಗಿಂತ ಕೆಟ್ಟದ್ದು, ಅದನ್ನು ನಂಬಿ ಜನ ಮಲಗಿರುತ್ತಾರೆ. ಶ್ರೀನಿವಾಸಪುರದ ಕಡೆಯವರು ಮಾವಿನ ತೋಪಿನಿಂದ ಊರಿನ ಮನೆಯವರೆಗೆ ಸಂಕೇತ ಬೇಕು ಎಂದರೆ 433 ಸಾಲದು. ಅದಕ್ಕೆ ಲೋರಾ ಮಾಡ್ಯೂಲ್ ಇದೆ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲೇ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದೆ. ಬೆಲೆ ಸ್ವಲ್ಪ ಹೆಚ್ಚು. ಅದು ಮುಂದಿನ ವರ್ಷದವರಿಗೆ ಇರಲಿ.

ಸಿಸಿ ಕ್ಯಾಮೆರಾ ಇರುವಾಗ ಇದೆಲ್ಲ ಏಕೆ ಎಂದು ಕೇಳುವ ಹಿರಿಯರಿದ್ದಾರೆ. ನೆರೆಯ ಆಂಧ್ರದ ಪೊಲೀಸರು ಬೀಗ ಹಾಕಿ ಊರಿಗೆ ಹೋಗುವವರು ಮೊದಲೇ ತಿಳಿಸಿದರೆ ಮನೆಯೊಳಗೆ ಕ್ಯಾಮೆರಾ ಇಟ್ಟು ಕಾಯುವ ವ್ಯವಸ್ಥೆ ಮಾಡಿದ್ದಾರೆ. ಖಾಲಿ ಮನೆಗೆ ಅದು ಒಳ್ಳೆಯ ಉಪಾಯ, ನಾನು ಬೇಡ ಎನ್ನುವುದಿಲ್ಲ. ಅಂಗಡಿಗೂ ಕ್ಯಾಮೆರಾ ಇರಲಿ. ಆದರೆ ನಾನು ಹೇಳುತ್ತಿರುವುದು ಜನ ಇರುವ ಮನೆಯ ಮಾತು. ಹಿತ್ತಲಲ್ಲಿ ಬಟ್ಟೆ ಒಗೆಯುವ, ತಲೆಗೂದಲು ಒಣಗಿಸುವ ಹೆಣ್ಣುಮಕ್ಕಳ ಮೇಲೆ ಇಪ್ಪತ್ನಾಲ್ಕು ಗಂಟೆ ಕಣ್ಣಿಟ್ಟು, ಆ ಚಿತ್ರವನ್ನು ಯಾವ ದೇಶದಲ್ಲಿದೆಯೋ ತಿಳಿಯದ ಕಂಪ್ಯೂಟರಿಗೆ ಕಳಿಸುವುದು ಭದ್ರತೆ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಗೇಟಿನ ಕ್ಯಾಮೆರಾ ಎದುರು ಮನೆಯ ಬಾಗಿಲನ್ನೂ ನೋಡುತ್ತಿರುತ್ತದೆ. ಅನುಮತಿ ಕೇಳದೆ ಇನ್ನೊಬ್ಬರ ಮನೆಯೊಳಗೆ ಹೋಗಬೇಡಿ ಎಂದು ಸೂರಾ ನೂರ್, ಇನ್ನೊಬ್ಬರ ಗುಟ್ಟು ಹುಡುಕಬೇಡಿ ಎಂದು ಸೂರಾ ಹುಜುರಾತ್ ಕಲಿಸುವಾಗ ಕಣ್ಣಿಗೆ ಮಾತ್ರ ವಿನಾಯಿತಿ ಇದೆಯೇ? ಗಾಜಿನ ಮೇಲಿನ ಬಿಲ್ಲೆ ಯಾರನ್ನೂ ನೋಡುವುದಿಲ್ಲ, ಏನನ್ನೂ ದಾಖಲಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಸುದ್ದಿ.

ಹಾಂ, ಒಂದು ದಾಖಲೆ ಬೇಕು, ಸಮಯದ್ದು. ರಿಸೀವರಿನಲ್ಲಿ ಗಂಟೆ ನಿಮಿಷ ಬರೆದಿಡುವ ಚಿಪ್ ಇರಬೇಕು. ಕಳ್ಳತನ ಆದ ಮರುದಿನ ಬೀದಿಯಲ್ಲಿ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಹೊರಗಿನಿಂದ ಬಂದವರ ಕಡೆ ಒಂದು ಬೆರಳು, ಹಳೆಯ ಬಟ್ಟೆಗೆ ಪಾತ್ರೆ ಕೊಡುವವರ ಕಡೆ ಒಂದು ಬೆರಳು, ಬಾಡಿಗೆಗೆ ಬಂದ ಹುಡುಗರ ಕಡೆ ಇನ್ನೊಂದು. ಕೆಲವು ಸಲ ಯಾವ ಮೊಹಲ್ಲಾದವರು ಎಂಬುದರ ಮೇಲೂ ಬೆರಳು ತಿರುಗುತ್ತದೆ. ಗಾಜು ಒಡೆದದ್ದು ರಾತ್ರಿ 2 ಗಂಟೆ 10 ನಿಮಿಷಕ್ಕೆ ಎಂದು ಗೊತ್ತಿದ್ದರೆ ಆ ಹೊತ್ತಿಗೆ ಗೂಡಿನಲ್ಲಿ ಕೆಲಸದ ಮೇಲಿದ್ದವನು ಅಷ್ಟರಮಟ್ಟಿಗೆ ಪಾರು. ನೂರು ರೂಪಾಯಿಯ ಚಿಪ್ ಬಡವನೊಬ್ಬನ ಪರ ಸಾಕ್ಷಿ ಹೇಳುವುದಾದರೆ ನಾನು ಅದನ್ನು ಖರ್ಚಿನ ಪಟ್ಟಿಯಿಂದ ತೆಗೆಯಲು ಬಿಡುವುದಿಲ್ಲ.

ಖರ್ಚಿನ ಪಟ್ಟಿ ಎಂದೆನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ವಿಚಾರಿಸಿದ ಬೆಲೆಗಳ ಪ್ರಕಾರ ಒಂದು ಕಿಟಕಿಗೆ ಬಿಲ್ಲೆ, ಚಿಪ್, ಟ್ರಾನ್ಸ್‌ಮಿಟರ್, ಬ್ಯಾಟರಿ, ಚಿಲ್ಲರೆ ಸಾಮಾನು ಸೇರಿ ಸುಮಾರು 250 ರೂಪಾಯಿ. ರಿಸೀವರ್, ಸೈರನ್, ಕರೆಂಟು ಹೋದರೂ ನಡೆಯಲು ರೀಚಾರ್ಜ್ ಬ್ಯಾಟರಿ, ಸಮಯದ ಚಿಪ್, ಡಬ್ಬಿ ಸೇರಿ ಸುಮಾರು 650. ಮೂರು ಕಿಟಕಿಯ ಮನೆಗೆ 1,400 ರೂಪಾಯಿ. ಇನ್ನೂ ಇಳಿಸಬಹುದು. ಬಾಗಿಲಿಗೆ ಅಯಸ್ಕಾಂತದ ರೀಡ್ ಸ್ವಿಚ್ ಸೇರಿಸಿದರೆ ಬಾಗಿಲು ತೆರೆದದ್ದೂ ಗೊತ್ತಾಗುತ್ತದೆ. ಬಚ್ಚಲಿನ ಗಾಜಿನ ಪಟ್ಟಿಗೆ ಮಾತ್ರ ನನ್ನ ಸಲಹೆ ಎಲೆಕ್ಟ್ರಾನಿಕ್ಸ್ ಅಲ್ಲ, ವೆಲ್ಡಿಂಗ್. ಹೊರಗಿನಿಂದ ಒಂದು ಗ್ರಿಲ್ ಹಾಕಿಸಿ.

ಉಪನ್ಯಾಸಕರ ಆಕ್ಷೇಪ ಏನಿರಬಹುದು ಎಂದು ಊಹಿಸಬಲ್ಲೆ. ಸಿಲಬಸ್ ಮುಗಿಯಬೇಕು, ಸಿಇಟಿಯಲ್ಲಿ ಎಲೆಕ್ಟ್ರಾನಿಕ್ಸ್ ಪ್ರಶ್ನೆಪತ್ರಿಕೆಯೇ ಇಲ್ಲ, ಹುಡುಗರು ಹೆಚ್ಚು ಹೆಚ್ಚು ಕಂಪ್ಯೂಟರ್ ಸೈನ್ಸ್ ಕಡೆ ಹೋಗುತ್ತಿದ್ದಾರೆ. ಎಲ್ಲವೂ ನಿಜ. ಆದರೆ ಈ ಒಂದು ಅಲಾರಂನಲ್ಲಿ ಫಿಲ್ಟರ್ ಇದೆ, ಆಪ್-ಆಂಪ್ ಇದೆ, ಲಾಜಿಕ್ ಗೇಟ್ ಇದೆ, ಮಾಡ್ಯುಲೇಷನ್ ಇದೆ, ಮೈಕ್ರೋಕಂಟ್ರೋಲರ್ ಇದೆ, ಸಿ ಭಾಷೆ ಇದೆ. ನಮ್ಮ ಪಠ್ಯದ ಮುಕ್ಕಾಲು ಪಾಲು ಒಂದು ಡಬ್ಬಿಯಲ್ಲಿ. ಇನ್ನೊಂದು ಮಾತನ್ನು ಬೇಸರ ಮಾಡಿಕೊಳ್ಳಬೇಡಿ ಎಂದು ಕೇಳಿಕೊಂಡೇ ಹೇಳುತ್ತೇನೆ. ಪ್ರತಿ ವರ್ಷ ವಿಜ್ಞಾನ ದಿನದ ಭಾಷಣದಲ್ಲಿ ಅಲ್-ಜಝರಿಯ ಹೆಸರು ಬರುತ್ತದೆ. 1206ರಲ್ಲಿ ಅವರು ಯಂತ್ರಗಳ ಪುಸ್ತಕ ಮುಗಿಸಿದರು, ನೀರಿನ ಗಡಿಯಾರ ಮಾಡಿದರು ಎಂದು ಕೇಳಿ ನಾವು ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತೇವೆ. ಆ ಹಿರಿಯರ ಕೈಗೆ ಉಳಿ, ಸುತ್ತಿಗೆ ಇದ್ದವು. ನಮ್ಮ ಲ್ಯಾಬಿನ ಸೋಲ್ಡರಿಂಗ್ ಕಡ್ಡಿಗಳು ಬೀರುವಿನಲ್ಲಿವೆ, ಬೀರುವಿನ ಕೀಲಿ ಆಫೀಸಿನಲ್ಲಿದೆ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಎರಡು ಗಂಟೆ ಲ್ಯಾಬ್ ತೆರೆದಿರಲಿ, ಒಬ್ಬ ಉಪನ್ಯಾಸಕರು ಜೊತೆಗಿರಲಿ, ಸಿ.ಆರ್.ಓ. ಮುಟ್ಟಲು ಬಿಡಲಿ. ಗಾಜಿನ ಸದ್ದಿನ ಆಕಾರವನ್ನು ಪರದೆಯ ಮೇಲೆ ಕಣ್ಣಾರೆ ನೋಡದೆ ಫಿಲ್ಟರ್ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಕೆಲಸ ಇದೆ. ನಾಲ್ಕೂ ತಾಲ್ಲೂಕಿನವರು ತಮ್ಮ ಬೀದಿಯ ಹತ್ತು ಮನೆ ನೋಡಿ ಬರೆಯಿರಿ: ಕಿಟಕಿ ಯಾವ ಬಗೆಯದು, ಗಾಜು ಸಾದಾ ಗಾಜೋ ಟಫನ್ಡ್ ಗಾಜೋ, ಗ್ರಿಲ್ ಇದೆಯೋ ಇಲ್ಲವೋ, ಹಿಂಬಾಗಿಲು ಎಂಥದ್ದು, ರಾತ್ರಿ ಮನೆಯಲ್ಲಿ ಯಾರಿರುತ್ತಾರೆ. ಕೊನೆಯದನ್ನು ಕೇಳುವಾಗ ನಿಮ್ಮ ಅಮ್ಮಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ನಿಮ್ಮನ್ನೇ ಕಳ್ಳರೆಂದುಕೊಂಡಾರು. ಮನೆಯ ಹೆಸರು ಬರೆಯಬೇಡಿ, ಆ ಹಾಳೆ ಯಾರ ಕೈಗೂ ಸಿಗುವಂತೆ ಇಡಬೇಡಿ.

ಒಡೆಯಲು ಗಾಜು ಬೇಕಲ್ಲ, ಅದಕ್ಕೆ ಅಬ್ಬಾ ಒಪ್ಪಿದ್ದಾರೆ. ಅಂಗಡಿಯ ಹಿಂದೆ ನಾಲ್ಕು ಮಿಲಿಮೀಟರ್, ಐದು ಮಿಲಿಮೀಟರ್ ಗಾಜಿನ ಕತ್ತರಿಸಿ ಉಳಿದ ತುಂಡುಗಳು ಇವೆ, ಒಂದೆರಡು ಟಫನ್ಡ್ ಕೂಡ. ಅವರ ಷರತ್ತು ಮೂರು. ಮರದ ಚೌಕಟ್ಟಿಗೆ ಕೂರಿಸಿ ಗೋಣಿಚೀಲ ಸುತ್ತಿಯೇ ಒಡೆಯಬೇಕು, ಕಣ್ಣಿಗೆ ಗಾಗಲ್ಸ್ ಕೈಗೆ ಚರ್ಮದ ಗ್ಲೌಸ್ ಇಲ್ಲದವರು ಹತ್ತಿರ ಬರಬಾರದು, ಕೊನೆಯ ಚೂರಿನವರೆಗೆ ನಾವೇ ಗುಡಿಸಬೇಕು. ಸ್ಟೀಲ್ ತಟ್ಟೆ ಮತ್ತು ಕುಕ್ಕರ್ ನಾನು ತರುತ್ತೇನೆ.